ಕಿಯೋಶಾ ಸಾಕ್ಷಿ ಹೇಳಿದ ದಿನ

ವರ್ಲೀನ್ ಗೇಥರ್ಸ್‌ಗೆ ಜಂಬ ಇತ್ತು. ಸ್ವಲ್ಪ ಅಲ್ಲ, ಮೌಂಟ್ ನೀಬೊ ಚರ್ಚಿನ ಅಷ್ಟೂ ಜನಕ್ಕೆ ಹಂಚಿದರೂ ಮಿಗುವಷ್ಟು. ಬಂದವರನ್ನು ಒಳಗೆ ಬಿಟ್ಟು ಕೂರಿಸುವ ಚರ್ಚಿನ ಬಾಗಿಲ ಸೇವೆಯ ಹೆಂಗಸರಿಗೆಲ್ಲ ಆಕೆಯೇ ಮುಖ್ಯಸ್ಥೆ. ಬಿಳೀ ಉಡುಪು, ಬಿಳೀ ಕೈಗವಸು, ಬಿಳೀ ಬೂಟು. ಭಾನುವಾರ ಆಕೆ ಬಾಗಿಲಲ್ಲಿ ನಿಂತಳೆಂದರೆ ಪ್ರಾರ್ಥನೆ ನಡೆಯುವಾಗ ಮೇಯರ್ ಬಂದರೂ ಹೊರಗೇ ಕಾಯಬೇಕು. ಒಂದು ಸಲ ಕಾಯಿಸಿಯೂ ಇದ್ದಳು, ಆ ಕಥೆಯನ್ನು ಕೇಳಿದವರಿಗೂ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು. ಆದರೆ ಈ ಎಲ್ಲ ಜಂಬಕ್ಕೂ ಮೇಲೆ ಇನ್ನೊಂದಿತ್ತು. ತನ್ನ ಮಗಳು ಕಿಯೋಶಾ ನಿರಪರಾಧಿ ಅನ್ನುವುದು.

ಮಗಳು ಫೆಡರಲ್ ಜೈಲಿಗೆ, ಅಂದರೆ ಕೇಂದ್ರ ಸರ್ಕಾರದ ಜೈಲಿಗೆ, ಹೋಗಿ ಆರು ವರ್ಷವಾಗಿತ್ತು. ಇಪ್ಪತ್ತು ವರ್ಷದ ಶಿಕ್ಷೆ. ಡಿಮಾರ್ಕಸ್ ಅಂತ ಒಬ್ಬ, ನೋಡಲು ಲಕ್ಷಣವಾಗಿದ್ದ, ಬಾಯಿ ಬಿಟ್ಟರೆ ಜೇನು. ಅವನ ಜೊತೆ ಕಿಯೋಶಾ ಬಾಡಿಗೆ ಮನೆ ಮಾಡಿದಳು. ಆ ಮನೆಯಲ್ಲಿ ಪೊಲೀಸರಿಗೆ ಸಿಕ್ಕ ಪೆಟ್ಟಿಗೆಗಳ ತುಂಬ ಮಾದಕ ಪುಡಿ. ಫೆಡರಲ್ ಕಾನೂನಿನ ಕ್ರೌರ್ಯ ನೋಡಿ, ಅವನು ಊರೂರಿಗೆ ಹಂಚಿದ್ದನ್ನೆಲ್ಲ ತೂಕ ಹಾಕಿ ಇವಳ ತಲೆಗೂ ಕಟ್ಟಿದರು. ಅವತ್ತು ವರ್ಲೀನ್ ಕೋರ್ಟಿನ ಮೆಟ್ಟಿಲ ಮೇಲೆ ಟೀವಿಯವರ ಮುಂದೆ ನಿಂತು, "ನನ್ನ ಮಗಳಿಗೆ ಆ ಪೆಟ್ಟಿಗೇಲಿ ಏನಿತ್ತು ಅಂತಾನೇ ಗೊತ್ತಿರಲಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋಳು ಅಂಥ ಕೆಲಸ ಮಾಡಲ್ಲ," ಅಂದಿದ್ದಳು. ಅಂದಿನಿಂದ ಪ್ರತಿ ಬುಧವಾರದ ಪ್ರಾರ್ಥನೆಯಲ್ಲಿ ಅದೇ ಮಾತು. ಚರ್ಚಿನವರೆಲ್ಲ ಆ ಮಾತಿಗೆ ಆಮೆನ್ ಹೇಳಿ ಹೇಳಿ ಅವರಿಗೂ ಅಭ್ಯಾಸವಾಗಿತ್ತು.

ಜೈಲು ಸೇರಿದ ಮೇಲೆ ಒಂದು ಸಂಗತಿ ಹೊರಬಿತ್ತು. ವಿಚಾರಣೆಗೆ ಮುಂಚೆ ಸರ್ಕಾರದವರು ಕಿಯೋಶಾಗೆ ಏಳು ವರ್ಷದ ರಾಜಿ ಮಾತು ಕೊಟ್ಟಿದ್ದರು. ತಪ್ಪು ಒಪ್ಪಿಕೋ, ಏಳಕ್ಕೆ ಮುಗಿಸುತ್ತೇವೆ ಅಂತ. ಅವಳ ವಕೀಲ, ಪ್ರೂಯಿಟ್ ಎಂಬ ಮಹಾನುಭಾವ, ಅದನ್ನು ಅವಳಿಗೆ ಹೇಳಲೇ ಇಲ್ಲ! ಹೊಟ್ಟೆ ಉರಿಯುವುದಿಲ್ಲವೇ? ಡಿಮಾರ್ಕಸ್‌ನ ಅಕ್ಕ ತಮ್ಮನ ವಕೀಲರಿಂದ ಕೇಳಿ, ಕಿಯೋಶಾಳನ್ನು ನೋಡಲು ಜೈಲಿಗೆ ಹೋಗಿ, "ನಿಂಗೆ ಏಳು ಕೊಡ್ತೀವಿ ಅಂದಿದ್ರಂತಲ್ಲ, ಯಾಕೆ ಬೇಡ ಅಂದೆ?" ಅಂತ ಕೇಳಿದಾಗಲೇ ಇವಳಿಗೆ ತಿಳಿದದ್ದು.

ಕಿಯೋಶಾ ಅಳುತ್ತ ಕೂರಲಿಲ್ಲ. ಜೈಲಿನ ಲೈಬ್ರರಿಯಲ್ಲಿ ಕೂತು, ಜೊತೆ ಕೈದಿಗಳನ್ನು ಕೇಳಿ ಕೇಳಿ ಕಾನೂನು ಕಲಿತು, ಶಿಕ್ಷೆ ಕೊಟ್ಟ ಕೋರ್ಟಿಗೇ ತನ್ನ ಕೈಯಾರೆ ಅರ್ಜಿ ಹಾಕಿದಳು. ನನ್ನ ವಕೀಲ ನನಗೆ ಮೋಸ ಮಾಡಿದ, ಈ ಶಿಕ್ಷೆ ರದ್ದು ಮಾಡಿ ಅಂತ. ಅಂಥ ಅರ್ಜಿಗಳು ಸಾವಿರ ಬರುತ್ತವೆ, ಸಾವಿರವೂ ಕಸದ ಬುಟ್ಟಿಗೆ ಹೋಗುತ್ತವೆ. ಇವಳದ್ದು ಹೋಗಲಿಲ್ಲ. ಜಡ್ಜು ವಿಚಾರಣೆಗೆ ದಿನ ಗೊತ್ತುಮಾಡಿ, ಒಬ್ಬ ವಕೀಲೆಯನ್ನೂ ಕೊಟ್ಟರು. ಗೆದ್ದರೆ ಈ ವರ್ಷವೇ ಮನೆ. ಸೋತರೆ ಇನ್ನೂ ಹದಿಮೂರು ಹದಿನಾಲ್ಕು ವರ್ಷ. ಅಷ್ಟರಲ್ಲಿ ವರ್ಲೀನ್‌ಗೆ ಎಂಬತ್ತು.

ವಿಚಾರಣೆಗೆ ಎರಡು ದಿನ ಇದೆ ಅನ್ನುವಾಗ ಮಗಳ ಫೋನು ಬಂತು.

"ಅಮ್ಮಾ, ಮಂಗಳವಾರ ನೀನು ಬರಬೇಡ."

"ಏನಂದೆ?"

"ಬರಬೇಡ ಅಂದೆ. ಬಂದೇ ಬರ್ತೀನಿ ಅಂದ್ರೆ ಒಬ್ಳೇ ಬಾ. ಚರ್ಚಿನೋರ್ನ ಕರ್ಕೊಂಡು ಬರಬೇಡ."

"ಲೇ, ನಿಂಗೆ ತಲೆಗಿಲೆ ಕೆಟ್ಟಿದ್ಯಾ? ವ್ಯಾನಿಗೆ ಪೆಟ್ರೋಲ್ ಹಾಕ್ಸಿ ಆಯ್ತು. ಬಾಗಿಲ ಸೇವೆಯೋರೆಲ್ಲ ಬಿಳೀ ಡ್ರೆಸ್ಸಿಗೆ ಇಸ್ತ್ರಿ ಹಾಕ್ಕೊಂಡು ಕೂತವ್ರೆ. ಜಡ್ಜು ತಲೆ ಎತ್ತಿ ನೋಡಿದ್ರೆ ಈ ಹುಡುಗಿಗೆ ದಿಕ್ಕಿಲ್ಲ ಅಂದ್ಕೋಬಾರ್ದು ಕಣೇ."

"ಅದಲ್ಲಮ್ಮಾ, ಅಲ್ಲಿ ನಾನು..."

"ಏನು ಅದಲ್ಲ? ನೀನು ಏನೂ ಮಾಡಿಲ್ಲ. ತಲೆ ಎತ್ಕೊಂಡು ಹೋಗಿ ಅದನ್ನೇ ಹೇಳು. ನಾವೆಲ್ಲ ಹಿಂದೆ ಇರ್ತೀವಿ."

ಅಷ್ಟರಲ್ಲಿ ಜೈಲಿನ ಫೋನಿನ ಸಮಯ ಮುಗಿದು ಕುಯ್ಯೆಂದು ಕಟ್ಟಾಯಿತು. ಮಗಳಿಗೆ ಭಯ ಹತ್ತಿದೆ, ಪಾಪ, ಅಂದುಕೊಂಡು ವರ್ಲೀನ್ ಕೋಳಿ ಹುರಿಯಲು ಹೋದಳು.

ಮಂಗಳವಾರ ಮಾಂಟ್‌ಗೊಮೆರಿಯ ಕೋರ್ಟಿನ ಪಡಸಾಲೆಯಲ್ಲಿ ಬಿಳೀ ಉಡುಪಿನ ಹೆಂಗಸರ ದಂಡು ಇಳಿದಾಗ ಕಾವಲಿನವರು ಮದುವೆ ಪಾರ್ಟಿ ದಾರಿ ತಪ್ಪಿ ಬಂದಿರಬೇಕೆಂದುಕೊಂಡರು. ಮುಂದೆ ವರ್ಲೀನ್, ಹಿಂದೆ ಸಿಸ್ಟರ್ ಓಜೆಲ್ಲಾ, ಆ ಚರ್ಚಿನಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸಿಸ್ಟರೇ. ಈ ಓಜೆಲ್ಲಾ ಬಗ್ಗೆ ಹೇಳಿಬಿಡಬೇಕು. ವರ್ಲೀನ್‌ನ ಜಾಗದ ಮೇಲೆ ಅವಳಿಗೆ ಕಣ್ಣು ಬಿದ್ದು ಯಾವ ಕಾಲವಾಯಿತೋ. ಎಲ್ಲಿ ಯಾರು ಎಡವುತ್ತಾರೋ ಅಲ್ಲಿ ಆಕೆ ಹಾಜರ್, ಕೈ ಹಿಡಿದು ಎತ್ತಲಿಕ್ಕಲ್ಲ, ನೋಡಲಿಕ್ಕೆ.

ಕಿಯೋಶಾಳ ಹೊಸ ವಕೀಲೆ ಹ್ಯಾಲೊರನ್ ಓಡೋಡಿ ಬಂದಳು. ಸಣ್ಣಗೆ ಕಡ್ಡಿಯ ಹಾಗಿದ್ದ ಬಿಳಿಯರ ಹುಡುಗಿ. ದಂಡನ್ನು ನೋಡಿ ಅವಳ ಮುಖ ಇಳಿದುಹೋಯಿತು. ವರ್ಲೀನ್‌ಳನ್ನು ಮೂಲೆಗೆ ಕರೆದಳು.

"ಮಿಸೆಸ್ ಗೇಥರ್ಸ್, ನಿಮ್ಮ ಮಗಳು ನಿಮಗೆ ಹೇಳಿಲ್ವಾ?"

"ಏನು ಹೇಳ್ಬೇಕಿತ್ತು?"

"ಇವತ್ತು ನಾವು ಗೆಲ್ಬೇಕು ಅಂದ್ರೆ, ಆ ಏಳು ವರ್ಷದ ವಿಷಯ ಗೊತ್ತಿದ್ರೆ ಅವಳು ಒಪ್ಕೊತಿದ್ಳು ಅಂತ ತೋರಿಸ್ಬೇಕು. ಒಪ್ಕೊಳ್ಳೋದು ಅಂದ್ರೆ ತಪ್ಪು ಮಾಡಿದೀನಿ ಅಂತ ಒಪ್ಕೊಳ್ಳೋದು. ಸರ್ಕಾರಿ ವಕೀಲ್ರು ನೇರವಾಗಿ ಕೇಳ್ತಾರೆ, ಪೆಟ್ಟಿಗೇಲಿ ಏನಿತ್ತು ಅಂತ ಗೊತ್ತಿತ್ತಾ ಅಂತ. ಗೊತ್ತಿರ್ಲಿಲ್ಲ ಅಂದ್ರೆ ಮುಗೀತು. ಏನೂ ಮಾಡದೋಳು ಏಳು ವರ್ಷ ಯಾಕೆ ಒಪ್ಕೊತಿದ್ಳು ಅಂತಾರೆ."

"ಅವಳಿಗೆ ಗೊತ್ತಿರಲಿಲ್ಲಮ್ಮ."

ಹ್ಯಾಲೊರನ್ ಆಕೆಯ ಬಿಳೀ ಕೈಗವಸಿನ ಕೈ ಹಿಡಿದುಕೊಂಡಳು. 

"ನೀವು ಯಾವತ್ತಾದ್ರೂ ಅವಳನ್ನ ಕೇಳಿದೀರಾ?" ಅಂದಳು ಹುಡುಗಿ, ಮೆತ್ತಗೆ.

ಕೇಳಿರಲಿಲ್ಲ. ಆರು ವರ್ಷದಲ್ಲಿ ಊಟ ಆಯ್ತಾ ಅಂತ ಕೇಳಿದ್ದಳು, ಕೆಮ್ಮು ಹೋಯ್ತಾ ಅಂತ ಕೇಳಿದ್ದಳು, ಬೈಬಲ್ ಓದ್ತೀಯಾ ಅಂತ ಕೇಳಿದ್ದಳು. ಅದೊಂದನ್ನು ಮಾತ್ರ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಅನ್ನುವುದು ಈಗ ಆಕೆಗೆ ಚೆನ್ನಾಗಿಯೇ ಗೊತ್ತಾಯಿತು. ಉತ್ತರದ ಭಯ ಇದ್ದವರು ಪ್ರಶ್ನೆ ಕೇಳುವುದಿಲ್ಲ.

"ನಿಮ್ಮೆದುರಿಗೆ ಅವಳ ಬಾಯಿಂದ ಅದು ಬರಲ್ಲ," ಅಂದಳು ಹ್ಯಾಲೊರನ್. "ದಯವಿಟ್ಟು ನೀವೆಲ್ಲ ಹೊರಗಡೆ ಬೆಂಚಿನ ಮೇಲೆ ಕೂತ್ಕೊಂಡಿರಿ."

ವರ್ಲೀನ್‌ಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು. "ನೋಡಮ್ಮ ಹುಡುಗಿ. ಅವಳಿಗೆ ಇಪ್ಪತ್ತು ವರ್ಷ ಅಂತ ಓದಿದಾಗ ನಾನು ಒಳಗಿದ್ದೆ. ಅವತ್ತು ಅವಳು ತಿರುಗಿ ನೋಡಿದಾಗ ನನ್ನ ಮುಖ ಕಂಡಿತ್ತು. ಇವತ್ತೂ ಕಾಣ್ಬೇಕು. ಹೊರಗೆ ಕೂರೋಕೆ ನಾನೇನು ಟ್ಯಾಕ್ಸಿ ಡ್ರೈವರಾ?" ಅಂದವಳೇ ಒಳಗೆ ನಡೆದಳು. ಬಿಳೀ ಸಾಲು ಆಕೆಯ ಹಿಂದೆ.

ಮೊದಲು ಹಳೇ ವಕೀಲ ಪ್ರೂಯಿಟ್ ಕಟಕಟೆ ಹತ್ತಿದ. ಹೇಳಿದ್ದಿರಬಹುದು, ಇಲ್ಲದೇ ಇರಬಹುದು, ಆಗ ಬಹಳ ಕೇಸಿದ್ದವು, ನೆನಪಿಲ್ಲ. ಇಷ್ಟೇ ಅವನ ಪುರಾಣ. ಒಂದು ಹೆಣ್ಣಿನ ಹದಿಮೂರು ವರ್ಷ ಅವನಿಗೆ ನೆನಪಿಲ್ಲವಂತೆ! ಓಜೆಲ್ಲಾ ಕೂಡ ಹಲ್ಲು ಕಡಿದಳು.

ಆಮೇಲೆ ಕಿಯೋಶಾ ಬಂದಳು. ಜೈಲಿನ ಖಾಕಿ ಅಂಗಿ, ಬಿಗಿಯಾಗಿ ಹೆಣೆದ ಜಡೆ, ಬಡವಾಗಿದ್ದ ಮುಖ. ಕೋರ್ಟಿನ ಕಾವಲು ಪೊಲೀಸರು, ಮಾರ್ಷಲ್‌ಗಳು, ಕೈಕೋಳ ತೆಗೆದರು. ಕಟಕಟೆಯಲ್ಲಿ ಕೂತು ಬಿಳೀ ಸಾಲನ್ನು ನೋಡಿದಳು, ಕಣ್ಣು ತಗ್ಗಿಸಿದಳು. ಹ್ಯಾಲೊರನ್ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟಳು. ಏಳು ವರ್ಷದ ಮಾತು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಒಪ್ಪುತ್ತಿದ್ದೆ.

ಸರ್ಕಾರಿ ವಕೀಲ ಕೆಲ್ಲಮ್ ಎದ್ದ. ಉದ್ದನೆಯ ಮನುಷ್ಯ, ಮಾತು ಮೆಲ್ಲಗೆ.

"ಶಿಕ್ಷೆ ಕೊಡೋ ದಿನ ಇದೇ ಜಾಗದಲ್ಲಿ ನಿಂತು ನೀವು ಹೇಳಿದ್ರಿ, ಪೆಟ್ಟಿಗೇಲಿ ಏನಿತ್ತು ಗೊತ್ತಿರ್ಲಿಲ್ಲ ಅಂತ. ಹೌದಾ?"

"ಹೌದು ಸಾರ್."

"ಈಗ ಪ್ರಮಾಣ ಮಾಡಿದೀರಿ. ಗೊತ್ತಿತ್ತೋ, ಇರ್ಲಿಲ್ವೋ?"

ಕಿಯೋಶಾಳ ಬಾಯಿ ತೆರೆಯಿತು, ಮುಚ್ಚಿತು. ಜಡ್ಜ್ ವಿಟ್‌ಲಾಕ್ ಕನ್ನಡಕದ ಮೇಲಿಂದ ನೋಡಿ, "ಉತ್ತರ ಕೊಡ್ಬೇಕಮ್ಮ," ಅಂದರು. ಅವಳು ತಾಯಿಯನ್ನು ನೋಡಿದಳು. ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳುವುದಕ್ಕೂ ಕೈ ಎತ್ತಲಿಲ್ಲ. ಹ್ಯಾಲೊರನ್ ತಲೆ ಕೆಳಗೆ ಹಾಕಿದಳು. ಎಲ್ಲ ಮುಳುಗಿತು ಅನ್ನುವುದು ಆ ತಲೆಯಲ್ಲೇ ಕಾಣುತ್ತಿತ್ತು.

ಆಗ ಒಂದು ಎಡವಟ್ಟು ನಡೆಯಿತು. ಚರ್ಚಿನಲ್ಲಿ ಯಾರಾದರೂ ಎದ್ದು ನಿಂತು ದೇವರ ಮುಂದೆ ತಮ್ಮ ಬಾಳಿನ ಸಾಕ್ಷಿ ಹೇಳುತ್ತ ಅತ್ತುಬಿಟ್ಟರೆ ಬಾಗಿಲ ಸೇವೆಯವಳು ಏನು ಮಾಡಬೇಕು? ಎಡಗೈ ಬೆನ್ನ ಹಿಂದೆ ಮಡಚಿ, ಬಲಗೈಯಲ್ಲಿ ಕಾಗದದ ಕರವಸ್ತ್ರ ಹಿಡಿದು, ಸದ್ದಿಲ್ಲದೆ ನಡೆದುಹೋಗಿ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲಬೇಕು. ಮೂವತ್ತು ವರ್ಷದಿಂದ ವರ್ಲೀನ್ ಮಾಡಿದ್ದು ಅದನ್ನೇ. ಈಗಲೂ ಅದನ್ನೇ ಮಾಡಿದಳು. ಯಾರಿಗೂ ತಿಳಿಯುವ ಮೊದಲೇ ಆಕೆ ಎದ್ದು, ಜನರಿಗೂ ಕೋರ್ಟಿಗೂ ನಡುವಿನ ಮೋಟು ಗೇಟನ್ನು ತಳ್ಳಿಕೊಂಡು, ಕೆಲ್ಲಮ್‌ನನ್ನು ಪಕ್ಕಕ್ಕೆ ಸರಿಸಿ, ಕಟಕಟೆಯ ಹತ್ತಿರ ಹೋಗಿಬಿಟ್ಟಿದ್ದಳು. ಇಬ್ಬರು ಮಾರ್ಷಲ್‌ಗಳು ಹಾರಿ ಬಂದು ಅಡ್ಡ ನಿಂತರು. ಒಬ್ಬನ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು.

"ಎಲ್ಲಿಗಮ್ಮ ಹೊರಟ್ರಿ?" ಅಂದರು ಜಡ್ಜು.

ವರ್ಲೀನ್ ಬೆಚ್ಚಿ ನೋಡಿದಳು. ಅಯ್ಯೋ ದೇವರೇ, ಎಲ್ಲಿ ನಿಂತಿದ್ದೇನೆ! "ಸಾಕ್ಷಿ ಹೇಳೋಳು ಅಳ್ತಿದಾಳೆ ಸಾರ್. ನಾನು ಬಾಗಿಲ ಸೇವೆಯೋಳು."

"ಇದು ಚರ್ಚಲ್ಲಮ್ಮ."

"ನಂಗೊತ್ತು ಸಾರ್. ಕಾಲಿಗೆ ಗೊತ್ತಾಗ್ಲಿಲ್ಲ."

ಎಲ್ಲೋ ಯಾರೋ ಕಿಸಕ್ಕೆಂದರು. ಜಡ್ಜಿನ ತುಟಿಯೂ ಒಂದು ಕ್ಷಣ ಅಲುಗಿತು. ಆ ಕರವಸ್ತ್ರವನ್ನು ಅವಳಿಗೆ ಕೊಡಿ ಎಂದು ಮಾರ್ಷಲ್‌ಗೆ ಕೈ ಮಾಡಿದರು. ಬಿಳೀ ಕೈಗವಸಿನಿಂದ ಮಾರ್ಷಲ್‌ನ ಕೈಗೆ, ಅವನ ಕೈಯಿಂದ ಮಗಳ ಕೈಗೆ ಅದು ಹೋಯಿತು.

ವರ್ಲೀನ್ ಹಿಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಇಷ್ಟು ಹತ್ತಿರದಿಂದ ಮಗಳ ಮುಖ ನೋಡಿ ಎಷ್ಟು ಕಾಲವಾಗಿತ್ತು. ಆ ಮುಖದಲ್ಲಿ ಉತ್ತರ ಬರೆದೇ ಇತ್ತು, ಓದಲಿಕ್ಕೆ ಯಾವ ವಕೀಲರೂ ಬೇಕಿರಲಿಲ್ಲ. ಹುಡುಗಿ ಹೆದರಿದ್ದು ಜಡ್ಜಿಗಲ್ಲ, ಜೈಲಿಗಲ್ಲ, ತನ್ನ ಅಮ್ಮನಿಗೆ. ಅಮ್ಮನ ಮಾತನ್ನು ಸುಳ್ಳು ಮಾಡಬಾರದೆಂದು ಇನ್ನೂ ಹದಿಮೂರು ವರ್ಷ ಒಳಗೆ ಕೂರಲು ತಯಾರಾಗಿದ್ದಾಳೆ, ಹುಚ್ಚು ಮುಂಡೇದು. ಚರ್ಚಿನಲ್ಲಿ ಮಾತು ಕಟ್ಟಿ ನಿಂತವರಿಗೆ ಸಾಲುಸಾಲಿನಿಂದ ಜನ ಹೇಳುವುದೊಂದೇ ಮಾತು. ಅದನ್ನೇ ವರ್ಲೀನ್ ಹೇಳಿದಳು, ಸ್ಪಷ್ಟವಾಗಿ.

"ಹೇಳು ಮಗಳೇ. ಇದ್ದಿದ್ದು ಇದ್ದ ಹಾಗೆ ಹೇಳು."

ಕೆಲ್ಲಮ್ ಎಗರಿಬಿದ್ದ. "ಆಕ್ಷೇಪ! ಸಾಕ್ಷಿಗೆ ಹೇಳಿಕೊಡ್ತಿದಾರೆ!"

"ನಿಜ ಹೇಳು ಅಂತ ಬೆಳಿಗ್ಗೆ ನಾನೂ ಅವಳಿಗೆ ಹೇಳಿದೀನಿ ಮಿಸ್ಟರ್ ಕೆಲ್ಲಮ್, ಅದಕ್ಕೂ ನಿಮ್ಮ ಆಕ್ಷೇಪ ಇದ್ಯಾ?" ಅಂದರು ಜಡ್ಜು. ಆಮೇಲೆ ದನಿ ಬಿಗಿಮಾಡಿ, "ಅಮ್ಮ, ನೀವು ಹೋಗಿ ಕೂತ್ಕೊಳ್ಳಿ. ಇನ್ನೊಂದು ಶಬ್ದ ಬಂದ್ರೆ ಹೊರಗೆ ಕಳಿಸ್ತೀನಿ," ಅಂದರು.

ವರ್ಲೀನ್ ಹೋಗಿ ಕೂತಳು. ಬೆನ್ನು ನೆಟ್ಟಗೆ.

ಕಿಯೋಶಾ ಮೂಗು ಒರೆಸಿಕೊಂಡಳು. ಆಮೇಲೆ ಮಾತು ಬಂತು, ಯಾರೂ ತಡೆಯಲಾಗದ ಹಾಗೆ ಬಂತು.

"ಗೊತ್ತಿತ್ತು ಸಾರ್. ಮೊದಲನೇ ಸಲ ಗೊತ್ತಿರ್ಲಿಲ್ಲ. ಎರಡನೇ ಸಲ ಪೆಟ್ಟಿಗೆ ಬಿಚ್ಚಿ ನೋಡ್ದೆ. ಆಮೇಲೂ ಇಟ್ಕೊಂಡೆ. ಕಾರು ನಾನೇ ಓಡಿಸ್ಕೊಂಡು ಹೋಗಿ ಕೊಟ್ಟು ಬಂದಿದ್ದೂ ಇದೆ. ಡಿಮಾರ್ಕಸ್ ಹೊಡೀತಿದ್ದ, ಹೆದರಿಸ್ತಿದ್ದ, ಅದೂ ನಿಜ. ಆದ್ರೆ ಬಾಗಿಲು ತೆಗ್ದಿತ್ತು ಸಾರ್, ನಾನು ಎದ್ದು ಹೋಗ್ಬಹುದಿತ್ತು, ಹೋಗ್ಲಿಲ್ಲ. ನಾನು ಮಾಡಿದ್ದು ತಪ್ಪು."

"ಮತ್ತೆ ಅವತ್ತು ಯಾಕೆ ಸುಳ್ಳು ಹೇಳಿದ್ರಿ?"

"ಕೇಸು ನಡೆಸಿ ಹೋರಾಡೋದು ಬಿಟ್ರೆ ಬೇರೆ ದಾರಿನೇ ಇಲ್ಲ ಅಂದಿದ್ರು ನಮ್ಮ ವಕೀಲ್ರು. ಆಮೇಲೆ ನಮ್ಮಮ್ಮ ಎಲ್ರ ಹತ್ರ ನಾನು ಏನೂ ಮಾಡಿಲ್ಲ ಅಂತ ಹೇಳಿಬಿಟ್ಟಿದ್ರು. ಎಷ್ಟು ಹೆಮ್ಮೆಯಿಂದ ಹೇಳಿದ್ರು ಅಂದ್ರೆ... ಅಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಏಳು ವರ್ಷ ಅಂತ ಯಾರಾದ್ರೂ ಹೇಳಿದ್ರೆ ಅವತ್ತೇ ಒಪ್ಕೊತಿದ್ದೆ ಸಾರ್. ಇವತ್ತು ಅದನ್ನ ಎಲ್ರೆದುರಿಗೆ ಒಪ್ಕೊಂಡಿದೀನಲ್ಲ, ಇದಕ್ಕಿಂತ ಕಷ್ಟ ಏನಿತ್ತು?"

ಕೆಲ್ಲಮ್ ತನ್ನ ಕಾಗದಗಳನ್ನು ಮಡಚಿದ. ಇನ್ನು ಪ್ರಶ್ನೆ ಇಲ್ಲ ಎಂದು ಕೂತ.

ಆ ಹೊತ್ತಿನಲ್ಲಿ ವರ್ಲೀನ್‌ಗೆ ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲು ನಾಚಿಕೆಯಾಯಿತು. ಕಿವಿಯಿಂದ ಪಾದದವರೆಗೆ ಉರಿಯುವ ನಾಚಿಕೆ. ಎಡಕ್ಕೂ ಬಲಕ್ಕೂ ಕೂತವರೆಲ್ಲ ತನ್ನ ಮಾತಿಗೆ ಆಮೆನ್ ಹೇಳಿದವರೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಕಟಕಟೆಯ ಕಡೆ ನೋಡಿದಳು. ಮಗಳ ತಲೆ ಈಗ ತಗ್ಗಿರಲಿಲ್ಲ. ಜೈಲಿನ ಅಂಗಿ ತೊಟ್ಟುಕೊಂಡು, ಸರ್ಕಾರದ ವಕೀಲನ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಳು. ತಾನು ಆರು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದ್ದು ಇಲ್ಲದ ಒಬ್ಬ ಹುಡುಗಿಯ ಹೆಸರಿನಲ್ಲಿ. ಇಲ್ಲಿರುವವಳು ಅವಳಿಗಿಂತ ಗಟ್ಟಿಗಿತ್ತಿ. ಬಾಯಿಬಿಟ್ಟು ಕೂಗಬೇಕೆನ್ನಿಸಿತು, ನನ್ನ ಮಗಳು, ನೋಡ್ರೋ, ನನ್ನ ಮಗಳು ಅಂತ. ಜಡ್ಜಿನ ಮಾತು ನೆನಪಾಗಿ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಮಧ್ಯಾಹ್ನ ವ್ಯಾನಿನ ಪಕ್ಕದ ಮರದ ನೆರಳಲ್ಲಿ ಊಟ ಬಿಚ್ಚಿದರು. ಹುರಿದ ಕೋಳಿ, ಜೋಳದ ರೊಟ್ಟಿ, ಬೆಣ್ಣೆ ಕೇಕು. ಓಜೆಲ್ಲಾ ಎಷ್ಟು ಹೊತ್ತು ತಡೆದಾಳು?

"ಅಲ್ಲ ಸಿಸ್ಟರ್ ವರ್ಲೀನ್, ಆರು ವರ್ಷ ನಮ್ಮ ಕೈಲಿ ಉಪವಾಸ ಪ್ರಾರ್ಥನೆ ಮಾಡಿಸಿದ್ರಲ್ಲ, ನಿರಪರಾಧಿ ನಿರಪರಾಧಿ ಅಂತ. ದೇವರ ಹತ್ರ ನಾವೂ ಸುಳ್ಳು ಹೇಳಿದ ಹಾಗಾಯ್ತಲ್ಲ?"

"ಹೌದು ಕಣೇ, ಆಯ್ತು," ಅಂದಳು ವರ್ಲೀನ್, ಕೋಳಿ ಕಾಲನ್ನು ಕೆಳಗಿಟ್ಟು. "ಸುಳ್ಳು ಹೇಳಿದ್ದು ನಾನು, ನಿಮ್ಮ ಕೈಲೂ ಹೇಳಿಸ್ದೆ. ಬುಧವಾರ ಎಲ್ರ ಮುಂದೆ ನಿಂತು ಕ್ಷಮೆ ಕೇಳ್ತೀನಿ. ನಿನ್ನ ಗಂಡ ಪ್ರತಿ ಶನಿವಾರ ಮೀನು ಹಿಡಿಯೋಕೆ ಹೋಗ್ತಾನೆ ಅಂತೀಯಲ್ಲ ಓಜೆಲ್ಲಾ, ಇಷ್ಟು ವರ್ಷದಲ್ಲಿ ನಾವು ಒಂದು ಮೀನಾದ್ರೂ ಕಂಡಿದೀವಾ? ಯಾರಾದ್ರೂ ಕೇಳಿದೀವಾ?"

ಒಬ್ಬಳಿಗೆ ಟೀ ನೆತ್ತಿಗೇರಿತು. ಉಳಿದವರು ನಗು ತಡೆಯಲಾಗದೆ ಮರದ ಆ ಬದಿಗೆ ಹೋದರು.

"ನನ್ನ ಮಗಳು ತನ್ನ ತಪ್ಪನ್ನ ಹೆತ್ತ ತಾಯಿ ಎದುರಿಗೆ ಹೇಳಿದ್ಳು, ಜಡ್ಜಿನ ಎದುರಿಗೆ ಹೇಳಿದ್ಳು, ನಿನ್ನ ಈ ನಾಲಿಗೆ ಎದುರಿಗೂ ಹೇಳಿದ್ಳು. ನಿನ್ನ ಕೈಲಾಗುತ್ತಾ? ನನ್ನ ಕೈಲೇ ಆಗ್ಲಿಲ್ಲ. ಕೇಕು ತಗೋ."

ಓಜೆಲ್ಲಾ ಕೇಕು ತಗೊಂಡಳು. ಬೇರೇನು ಮಾಡಿಯಾಳು?

ಬುಧವಾರ ವರ್ಲೀನ್ ಮಾತಿಗೆ ತಪ್ಪಲಿಲ್ಲ. ಕೆಲವರು ಅತ್ತರು, ಕೆಲವರು ಮುಖ ತಿರುಗಿಸಿದರು, ಒಂದಿಬ್ಬರು ಬಹಳ ದಿನ ಮಾತು ಬಿಟ್ಟರು. ಹಳೇ ಪಾಸ್ಟರ್ ನಿವೃತ್ತರಾಗಿ ಹೊಸಬರು ಬಂದರು. ಜಡ್ಜಿನ ತೀರ್ಪು ಬೇಸಿಗೆಯಲ್ಲಿ ಬಂತು. ಹ್ಯಾಲೊರನ್ ಫೋನಿನಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ರದ್ದಾಯ್ತು ಮಿಸೆಸ್ ಗೇಥರ್ಸ್! ಇಪ್ಪತ್ತು ವರ್ಷ ರದ್ದು. ಆ ಹಳೇ ಏಳನ್ನೇ ಕೊಡ್ಬೇಕು ಅಂತ ಹೇಳಿದಾರೆ. ಒಳ್ಳೇ ನಡತೆ ಲೆಕ್ಕ ಹಾಕಿದ್ರೆ ಅವಳು ಅದನ್ನ ಮುಗಿಸೇ ಆಗಿದೆ." ವರ್ಲೀನ್ ಫೋನಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಎದ್ದು ಮಗಳ ಹಾಸಿಗೆ ಬಿಸಿಲಿಗೆ ಹಾಕಿದಳು.

ಕಿಯೋಶಾ ಮನೆಗೆ ಬಂದ ಮೊದಲ ಭಾನುವಾರ ಚರ್ಚಿಗೆ ಬರಲು ಒಪ್ಪಲಿಲ್ಲ. ಎರಡನೆಯ ಭಾನುವಾರ ಬಂದಳು. ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಹೊಸ ಪಾಸ್ಟರ್‌ಗೆ ಅವಳ ಗುರುತಿಲ್ಲ. ವಾಡಿಕೆಯ ಪ್ರಕಾರ, "ಇವತ್ತು ನಮ್ಮಲ್ಲಿಗೆ ನೆಂಟರಾಗಿ ಬಂದೋರು ದಯವಿಟ್ಟು ಎದ್ದು ನಿಂತು ನಿಮ್ಮ ಹೆಸರು ಹೇಳಿ, ಯಾವ ಚರ್ಚಿನೋರು ಅಂತ ಹೇಳಿ," ಅಂದರು. ಬರ್ಮಿಂಗ್‌ಹ್ಯಾಮಿನ ಗಂಡ ಹೆಂಡತಿ ಇಬ್ಬರು ಎದ್ದು ಹೇಳಿದರು. ಆಮೇಲೆ ಕಿಯೋಶಾ ಎದ್ದಳು.

ಹಿಂದೆ ತಿರುಗಿ ನೋಡಿದ ಮುಖಗಳೆಲ್ಲ ಅವಳ ಗುರುತಿದ್ದವೇ.

"ನನ್ನ ಹೆಸರು ಕಿಯೋಶಾ ಗೇಥರ್ಸ್," ಅಂದಳು. "ನಾನು... ನಂಗೆ ಈಗ ಯಾವ ಚರ್ಚೂ..."

ಬಾಗಿಲ ಸೇವೆಯಲ್ಲಿ ನಿಂತವರು ಮಾತಾಡುವಂತಿಲ್ಲ. ಕೈಸನ್ನೆ ಮಾತ್ರ. ಆ ನಿಯಮ ಮುರಿದವರನ್ನು ವರ್ಲೀನ್ ತಾನೇ ಮನೆಗೆ ಕಳಿಸಿದ್ದುಂಟು. ಈಗ ನಡುದಾರಿಯಲ್ಲಿ ಬಿಳೀ ಬೂಟು ಟಕಟಕನೆ ಸದ್ದು ಮಾಡಿತು, ಆಕೆಯ ದನಿ ಚಾವಣಿಗೆ ಬಡಿಯಿತು.

"ಪಾಸ್ಟರೇ, ಇವಳು ನೆಂಟಳಲ್ಲ! ಈ ಮನೆ ಮಗಳು. ಅದೋ, ಆ ನೀರಿನ ತೊಟ್ಟೀಲೇ ದೀಕ್ಷಾಸ್ನಾನ ಆಗಿದ್ದು. ತಪ್ಪು ಮಾಡಿದ್ಳು, ಜೈಲಿಗೆ ಹೋದ್ಳು. ಜೈಲಲ್ಲಿ ಕೂತ್ಕೊಂಡೇ ಕೋರ್ಟಿನ ಬಾಗಿಲು ಬಡಿದ್ಳು, ನನ್ನೆದುರಿಗೇ ನಿಜ ಒಪ್ಕೊಂಡ್ಳು, ಗೆದ್ದು ಬಂದ್ಳು. ಯಾರಿಗಾದ್ರೂ ಇನ್ನೇನಾದ್ರೂ ತಿಳ್ಕೋಬೇಕು ಅಂತಿದ್ರೆ ನನ್ನ ಕೇಳಿ, ನಾನು ಅವಳನ್ನ ಕೇಳಿ ತಿಳ್ಕೊಂಡಿದೀನಿ, ಎಲ್ಲ ಹೇಳ್ತೀನಿ." ಆಮೇಲೆ ಮಗಳ ಕಡೆ ತಿರುಗಿ, "ನೀನ್ಯಾಕೆ ಎದ್ದು ನಿಂತೆ? ನಿನ್ನ ಮನೇಲಿ ನೀನು ಹೆಸರು ಹೇಳ್ಬೇಕಾ? ಕೂತ್ಕೊಳೇ," ಅಂದಳು.

"ಆಮೆನ್," ಅಂದದ್ದು, ನೀವು ನಂಬಿದರೆ ನಂಬಿ, ಸಿಸ್ಟರ್ ಓಜೆಲ್ಲಾ. ಅವಳು ಮುಂದಿನ ಸಾಲಿನ ತನ್ನ ಬೆಂಚಿನಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದಳು, ಕಿಯೋಶಾ ಹೋಗಿ ಅಲ್ಲಿ ಕೂತಳು.